ತಾರೀಖಿಲ್ಲದ ಚೀಟಿ

“ರೀ ಮೇಷ್ಟ್ರೇ, ಮೊದಲು ಆ ಬ್ಲೇಡು ಕೆಳಗಿಡಿ!”

ತಿಪಟೂರಿನ ವಾಚನಾಲಯ ನೋಡಿಕೊಳ್ಳುತ್ತಿದ್ದ ಗಿರಿಜಾಂಬಿಕಾ, ಹಾಲಸ್ವಾಮಿಗೆ ಆಡಿದ ಮೊದಲ ಮಾತು ಇದು. ೧೯೭೮ರ ಜೂನ್, ಶನಿವಾರದ ಮಧ್ಯಾಹ್ನ. ಹಳೇ ಪತ್ರಿಕೆಯ ಮೇಲೆ ಬಾಗಿದ್ದ ಆತ ಬೆಚ್ಚಿಬಿದ್ದ.

“ಪೆನ್ಸಿಲ್ ಹೆರೀತಿದ್ದೆ ಕಣ್ರೀ...”

“ಹೆರೆಯೋಕೆ ನನ್ನ ಪತ್ರಿಕೆ ಮೇಲೇ ಆಗಬೇಕಾ?”

ಆತ ತುರುವೇಕೆರೆಯ ಹೈಸ್ಕೂಲಿನ ಕನ್ನಡ ಮೇಷ್ಟ್ರು. ನಿಘಂಟು ಮಾಡುವವರಿಗೆ ಪದ ಹುಡುಕಿಕೊಡುವುದು ಅವನ ಶನಿವಾರದ ಹುಚ್ಚು. ಪಾಲಿಗೆ ಬಂದ ಪದ ‘ಬೇಡ’. ಐವತ್ತು ವರ್ಷದ ಪತ್ರಿಕೆಗಳಲ್ಲಿ ಜನ ಏನೇನು ಬೇಡ ಅಂದಿದ್ದಾರೋ ಅಷ್ಟನ್ನೂ ಒಂದೊಂದು ಚೀಟಿಗೆ ಇಳಿಸಬೇಕು.

‘ಗಾಬರಿ ಬೇಡ: ಅಮಲ್ದಾರರ ಪ್ರಕಟಣೆ.’ ‘ನರದೌರ್ಬಲ್ಯದ ಚಿಂತೆ ಬೇಡ, ಒಂದು ಸೀಸೆ ಸಾಕು.’ ‘ವರದಕ್ಷಿಣೆ ಬೇಡ, ಸೈಕಲ್ಲು, ಗಡಿಯಾರ ತಮ್ಮಿಷ್ಟ.’

ಗಿರಿಜಾಂಬಿಕಾ ಬಿದ್ದು ಬಿದ್ದು ನಕ್ಕಳು. ದೀಪಾವಳಿಯ ಹೊತ್ತಿಗೆ ಅವನೆದುರೇ ಕುಳಿತು ಚೀಟಿ ಜೋಡಿಸತೊಡಗಿದ್ದಳು.

“ಕೆಳಗೆ ಪತ್ರಿಕೆ ಹೆಸರು, ತಾರೀಖು ಇರ್ಲೇಬೇಕು,” ಎಂದು ಅವನೇ ಕಲಿಸಿದ್ದ. “ಇಲ್ದಿದ್ರೆ ಅದು ಬರೆದೋನ ಸ್ವಂತ ಮಾತು ಅಂತ ಲೆಕ್ಕ.”

ಆ ಪಾಠವೇ ಅವಳಿಗೆ ಮುಳುವಾಯಿತು.

ಒಂದು ಶನಿವಾರ, ಕಸ ಗುಡಿಸುವ ಗಂಗಕ್ಕ “ಇಬ್ರೂ ಯಾವಾಗ ಊಟ ಹಾಕಿಸ್ತೀರಾ?” ಎಂದುಬಿಟ್ಟಳು. ಹಾಲಸ್ವಾಮಿ ತಲೆ ತಗ್ಗಿಸಿ ಪತ್ರಿಕೆಯ ಪುಟ ತಿರುವಿದ. ಅದೇ ಸಂಜೆ ಮನೆಯಲ್ಲಿ ಅಪ್ಪ, ಕೊಬ್ಬರಿ ಮಂಡಿಯ ಮರುಳಪ್ಪ, “ಹಂದನಕೆರೆ ಗಂಡಿನ ಕಡೇರು ಹೇಳಿಕಳಿಸವ್ರೆ. ನಿನ್ ಮನಸ್ಸಲ್ಲಿ ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬುಡವ್ವ,” ಎಂದ.

ಹೇಳೋಣ ಎಂದೇ ಇದ್ದಳು! ಆದರೆ ಸೋಮವಾರ ಚೀಟಿಗಳ ಕಟ್ಟು ಬಿಚ್ಚಿದಾಗ ಅವನದೇ ಗುಂಡಕ್ಷರ ಕಂಡಿತು:

‘ಹುಡುಗಿ ಒಳ್ಳೆಯವಳೇ. ಆದರೆ ನನಗೆ ಮದುವೆ ಬೇಡ. ಹೇಗೆ ಹೇಳಲಿ?’

ಕೆಳಗೆ ಪತ್ರಿಕೆಯ ಹೆಸರಿಲ್ಲ. ತಾರೀಖೂ ಇಲ್ಲ.

ಹಾಗಾದರೆ... ಇದು ಅವರ ಸ್ವಂತ ಮಾತು!

“ಹಂದನಕೆರೆಯವರಿಗೆ ಬರೋಕೆ ಹೇಳಿ,” ಎಂದಳು ಅಪ್ಪನಿಗೆ. ಅಲ್ಲಿಂದ ಮುಂದೆ ಶನಿವಾರ ಮಾತ್ರ ತಪ್ಪದೆ ರಜೆ ಹಾಕಿದಳು.

ಗಂಡಿನವರು ಬರುವ ಶನಿವಾರ ಬಂತು. ನಾಲ್ಕು ಗಂಟೆಗೆ ಬರುತ್ತಾರೆಂದರೆ ಎರಡಕ್ಕೇ ರೇಷ್ಮೆ ಸೀರೆ. ಅವಳು ಹಿತ್ತಿಲಿಗೆ ಹೋದಳು, ಬಂದಳು. ಲೋಟ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಒಂದು ಸಲ ಬಾಯಿಬಿಟ್ಟು ಕೇಳದೆ ಹೇಗೆ ಬದುಕಲಿ? ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

“ಅಯ್ಯೋ, ಹೆಣ್ಣು ನೋಡೋರು ಇಲ್ಲಿಗೇ ಬತ್ತಾರಾ?” ಎಂದಳು ವಾಚನಾಲಯದ ಬಾಗಿಲಲ್ಲಿದ್ದ ಗಂಗಕ್ಕ.

“ಸುಮ್ನಿರು ಗಂಗಕ್ಕ!”

“ಒಳಗವ್ರೆ ಹೋಗು. ಮೂರು ವಾರದಿಂದ ಒಂದೇ ಪುಟ ನೋಡ್ತಾ ಕುಂತವ್ರೆ.”

ಗಿರಿಜಾಂಬಿಕಾ ಚೀಟಿಯನ್ನು ಅವನ ಮೇಜಿಗೆ ಎಸೆದಳು. “ನೇರವಾಗಿ ನಂಗೇ ಹೇಳಬಹುದಿತ್ತಲ್ಲ ಮೇಷ್ಟ್ರೇ. ನಿಘಂಟಿಗೆ ಯಾಕೆ ಬರೆದ್ರಿ?”

ಓದಿದವನ ಮುಖ ಬಿಳಿಚಿತು. ಎದ್ದು ಕಪಾಟಿನಿಂದ ದಪ್ಪ ಸಂಪುಟವೊಂದನ್ನು ಎಳೆದು ತೆರೆದ. “ಮೂವತ್ತೆಂಟನೇ ಇಸವಿ ಮಾಸಪತ್ರಿಕೆ ಕಣ್ರೀ! ಓದುಗರ ಪ್ರಶ್ನೆ... ಯಾರೋ ಗುಮಾಸ್ತನ ಗೋಳು!”

ಅಕ್ಷರ ಅಕ್ಷರವೂ ಹಾಗೇ ಇತ್ತು. ಸಂಪಾದಕರು ಗುಮಾಸ್ತನಿಗೆ ಬೆಳಗ್ಗೆ ತಣ್ಣೀರು ಸ್ನಾನ ಮಾಡೆಂದು ಬುದ್ಧಿ ಹೇಳಿದ್ದರು.

“ಮತ್ತೆ ತಾರೀಖು ಯಾಕೆ ಬರೀಲಿಲ್ಲ?”

“ಎರಡು ಸಾವಿರ ಚೀಟೀಲಿ ಮರೆತಿದ್ದು ಇದೊಂದೇ...” ಅವನ ದನಿ ಇಳಿಯಿತು. “ಆವತ್ತು ನೀವು ಏನೋ ಓದಿ ನಗ್ತಿದ್ರಿ. ನೋಡ್ತಾ ಕೂತ್ಬುಟ್ಟೆ.”

ಅವಳಿಗೆ ನಗು ಬಂತು, ಅಳುವೂ ಬಂತು. “ಇದನ್ನ ಇವತ್ತು ಹೇಳ್ತಿದ್ದೀರಾ? ಅವರು ಆಗ್ಲೇ ಹಂದನಕೆರೆ ಬಿಟ್ಟಿರ್ತಾರೆ!”

“ನಿಮ್ಮಪ್ಪ ಎಲ್ಲಿದ್ದಾರೆ?”

“ಮೂರರವರೆಗೂ ಮಂಡೀಲಿ.”

“ನಡೀರಿ.”

ಬೀದಿಗಿಳಿದ ಮೇಲೆ ಅವನ ನಡಿಗೆ ನಿಧಾನವಾಯಿತು. ಪೇಟೆಯ ಕಣ್ಣೆಲ್ಲ ರೇಷ್ಮೆ ಸೀರೆಯ ಮೇಲಿತ್ತು. ಗಿರಿಜಾಂಬಿಕಾ ಹಿಂದೆ ಉಳಿಯದೆ ಅವನ ಪಕ್ಕಕ್ಕೇ ಬಂದಳು.

“ಭಯನಾ?”

“ಬಹಳ.”

“ನಂಗೂ. ಅಪ್ಪ ಮೊದಲು ಬಯ್ತಾರೆ. ಆಮೇಲೆ ಕಾಫಿ ತರಿಸ್ತಾರೆ. ಮಧ್ಯದಲ್ಲಿ ಎದ್ದು ಬಂದ್ಬಿಡ್ತೀರಾ?”

“ಕಾಫಿ ಕುಡಿದೇ ಏಳೋದು.” ನಾಲ್ಕು ಹೆಜ್ಜೆ ನಡೆದು, “ಗಿರಿಜಾ ಅಂತ ಕರೀಲಾ?” ಎಂದ.

“ಮಂಡಿ ಬರೋದ್ರೊಳಗೆ ಎಷ್ಟು ಸಲ ಆಗುತ್ತೋ ಅಷ್ಟು ಸಲ ಕರೀರಿ,” ಎಂದಳು.