ಕೂತಿದ್ದ ಸಿಪಾಯಿ

"ನನ್ನ ಸಿಪಾಯಿಗಳಲ್ಲಿ ಒಬ್ಬ ಕಾಣ್ತಾ ಇಲ್ಲ, ನರಸಿಂಹಮ್ಮನೋರೆ."

ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹನುಮಂತರಾಜು ಹೀಗಂದಾಗ ಚಿಕ್ಕಬೀರಯ್ಯನಿಗೆ ನಗು ಬಂದಿತ್ತು. ಅವನ ಮುಖ ನೋಡಿದ ಮೇಲೆ ನಗು ನಿಂತುಹೋಯಿತು. ಕ್ಯಾತ್ಸಂದ್ರದ ಆ ಬೀದಿಯಲ್ಲಿ ಹನುಮಂತರಾಜುವನ್ನು ಅರಿಯದವರಿಲ್ಲ. ಹದಿನೇಳು ವರ್ಷ ಸೇನೆಯಲ್ಲಿದ್ದು ಬಂದವನು. ಗುಜರಿ ಅಂಗಡಿಯಿಂದ ಮುರಿದ ಛತ್ರಿ, ಸುಟ್ಟ ಮೋಟಾರಿನ ತಂತಿ, ಖಾಲಿ ರೀಫಿಲ್ಲು ಹೊತ್ತು ತಂದು ಯುದ್ಧಭೂಮಿಯ ಪುಟ್ಟ ಮಾದರಿಗಳನ್ನು ಕಟ್ಟುವ ಹುಚ್ಚು ಹಿಡಿಸಿಕೊಂಡವನು. ಎರಡು ವರ್ಷದಿಂದ ಅವನ ಕೈ ನಡುಗುತ್ತಿತ್ತು. ಈಗ ಮುಗಿಸಿದ್ದೇ ಕೊನೆಯದು ಅಂತ ತಾನೇ ಹೇಳಿಕೊಂಡು ತಿರುಗುತ್ತಿದ್ದ.

"ಯಾವ ಸಿಪಾಯಿ?" ಎಂದರು ನರಸಿಂಹಮ್ಮ.

"ಸೋಮಶೇಖರ್."

ನರಸಿಂಹಮ್ಮ ಎದ್ದು ಚಪ್ಪಲಿ ಮೆಟ್ಟಿದರು. ಮೂವತ್ತು ವರ್ಷ ಪೊಲೀಸ್ ಠಾಣೆಗಳಲ್ಲಿ ರೈಟರ್ ಆಗಿ ಮಹಜರು ಬರೆದು ನಿವೃತ್ತರಾದ ಹೆಂಗಸು ಅವರು. ಬೀದಿಯಲ್ಲಿ ಚಿನ್ನದ ಸರ ಕಳೆದರೂ, ಕೋಳಿ ಕಳೆದರೂ ಜನ ಮೊದಲು ಬರುತ್ತಿದ್ದುದು ಅವರ ಜಗಲಿಗೆ. ಎದುರು ಮನೆಯ ಚಿಕ್ಕಬೀರಯ್ಯ, ನಿವೃತ್ತ ಬಸ್ ಡ್ರೈವರ್, ತನ್ನ ಹಳೇ ಓಮ್ನಿಯಲ್ಲಿ ಅವರನ್ನು ಸುತ್ತಿಸುವುದನ್ನು ಡ್ಯೂಟಿ ಅಂತಲೇ ತಿಳಿದಿದ್ದ.

ಹನುಮಂತರಾಜುವಿನ ಶೆಡ್ಡಿನ ನಡುವೆ ಮಂಚದಗಲದ ಹಲಗೆಯ ಮೇಲೆ ಕಾರ್ಗಿಲ್‌ನ ಒಂದು ಗುಡ್ಡ ನಿಂತಿತ್ತು. ಥರ್ಮಾಕೋಲ್, ಗೋಣಿಚೀಲ, ರದ್ದಿ ಪೇಪರು ಸೇರಿ ಬಂಡೆಯಾಗಿದ್ದವು. ಹರಿದ ಬನಿಯನ್ನಿನಿಂದ ಮರಳಿನ ಮೂಟೆ, ಛತ್ರಿಯ ಕಡ್ಡಿಯಿಂದ ಬಂದೂಕು. ಅಡುಗೆ ಸೋಡಾವನ್ನು ಫೆವಿಕಾಲಿನಲ್ಲಿ ಕಲಸಿ ಒಣಗಿಸಿದ ಗಟ್ಟಿ ಹಿಮ. ಬೆರಳುದ್ದದ ಹತ್ತು ಸೈನಿಕರು ಗುಡ್ಡದ ಮೇಲೆ ನಿಂತಿದ್ದರು. ತುದಿಯ ಬಂಕರಿನ ಪಕ್ಕ, ಹನ್ನೊಂದನೆಯವನ ಜಾಗ ಬರಿದಾಗಿತ್ತು.

"ಅವನೊಬ್ನೇ ಕೂತಿದ್ದ," ಎಂದ ಹನುಮಂತರಾಜು. "ಆವತ್ತು ಬ್ಯಾಟರಿ ತರೋಕೆ ಅಂತ ನಾನು ಕೆಳಗಿಳಿದೆ. ತಿರುಗಿ ನೋಡ್ದಾಗ ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಟೀ ಕುಡೀತಿದ್ದ. ಕೈ ಬೀಸ್ದ. ಆಮೇಲೆ ಶೆಲ್ ಬಿತ್ತು, ಗುಡ್ಡದ ಹಿಮಾನೇ ಜಾರ್ತು. ಹನ್ನೆರಡು ದಿನ ಅಗೆದ್ವಿ. ಸಿಗ್ಲಿಲ್ಲ." ಅವನು ಮೂಗೊರೆಸಿಕೊಂಡ. "ಮಿಕ್ಕೋರಿಗೆಲ್ಲ ನನ್ನ ಹಳೇ ಯೂನಿಫಾರಂ ಬಟ್ಟೆ ಹಾಕಿದೀನಿ. ಅವನಿಗೆ ಮಾತ್ರ ಅವನದೇ ಮಫ್ಲರ್. ನನ್ನ ಬ್ಯಾಗಲ್ಲಿ ಉಳ್ಕೊಂಡಿತ್ತು."

ಶನಿವಾರ, ಕಾರ್ಗಿಲ್ ವಿಜಯ ದಿವಸದಂದು, ಗುಬ್ಬಿಯ ಹೈಸ್ಕೂಲೊಂದರಲ್ಲಿ ಮಾದರಿಯ ಪ್ರದರ್ಶನವಿತ್ತು. ಅದಕ್ಕೆ ಮೊದಲು ನೋಡಲೆಂದು ಮಂಗಳವಾರ ನಾಲ್ವರು ಬಂದಿದ್ದರು. ಪ್ರದರ್ಶನ ಏರ್ಪಡಿಸಿದ್ದ ಡ್ರಾಯಿಂಗ್ ಟೀಚರ್ ಶಶಿಕಲಾ. ಸೋಮಶೇಖರನ ತಾಯಿ ಬಸವಲಿಂಗಮ್ಮ, ಜೊತೆಗೆ ಅವರ ಮಗಳು ಮಾಲಿನಿ. ಮತ್ತೆ ಅದೇ ಪೋಸ್ಟಿನಲ್ಲಿದ್ದ ಕುಣಿಗಲ್ಲಿನ ಅಂಜನಮೂರ್ತಿ. ಅವರು ಹೋದ ಮೇಲೆ ಹನುಮಂತರಾಜು ಬೇಸರದಲ್ಲಿ ಸರಿಯಾಗಿ ನೋಡದೆಯೇ ಮಾದರಿಗೆ ಬೆಡ್‌ಶೀಟ್ ಹೊದಿಸಿ ಶೆಡ್ಡಿಗೆ ಬೀಗ ಹಾಕಿದ್ದ. ಬೀಗ ತೆಗೆದದ್ದು ಇವತ್ತೇ.

"ಅಂಜನಮೂರ್ತೀನೇ ತಗೊಂಡೋಗಿರೋದು," ಎಂದ ಹನುಮಂತರಾಜು. "ಸೋಮನ್ನ ಯಾಕೋ ಕೂರಿಸ್ದೆ ಅಂತ ಮೈಮೇಲೆ ಬಿದ್ದು ಜಗಳ ಆಡ್ದ. ನೀನು ತೆಗೀದಿದ್ರೆ ನಾನೇ ಕಿತ್ತಾಕ್ತೀನಿ ಅಂದ. ಹೊರಟೋನು ಹೆಲ್ಮೆಟ್ ಮರೆತೆ ಅಂತ ಒಬ್ಬನೇ ಒಳಗೂ ಬಂದಿದ್ದ. ನಾಳಿದ್ದು ಆಯಮ್ಮ ಊರೋರೆಲ್ಲರ ಮುಂದೆ ಮಗನ್ನ ನೋಡ್ಬೇಕು. ಇನ್ನೊಂದು ಮಾಡೋಕೆ ಈ ಕೈಲಿ ಆಗಲ್ಲ. ಅವ್ನು ವಾಪಸ್ ಕೊಡ್ದಿದ್ರೆ ಸ್ಟೇಷನ್ನಿಗೆ ಹೋಗ್ತೀನಿ. ಇಪ್ಪತ್ತಾರು ವರ್ಷದ ಸ್ನೇಹ, ಹೋದ್ರೆ ಹೋಗ್ಲಿ."

ನರಸಿಂಹಮ್ಮ ಆಗಲೇ ನೋಟ್‌ಬುಕ್ ತೆರೆದಿದ್ದರು. ಕಳೆದದ್ದನ್ನು ಹುಡುಕುವ ಮೊದಲು ಇರುವುದನ್ನೆಲ್ಲ ಬರೆದುಕೊಳ್ಳುವುದು ಅವರ ಪದ್ಧತಿ. ಭೂತಗನ್ನಡಿ ಹಿಡಿದು ಒಬ್ಬೊಬ್ಬ ಸೈನಿಕನನ್ನೂ ನೋಡುತ್ತ ಗಟ್ಟಿಯಾಗಿ ಓದಿಕೊಂಡರು. "ಹತ್ತು ಜನ. ಯಾರದೂ ಏನೂ ಮುರಿದಿಲ್ಲ. ಹನ್ನೊಂದನೆಯವನ ಕೆಳಗಿನ ತಂತಿ ತಿರುಗಿಸಿ ನೀಟಾಗಿ ಎತ್ತಿದಾರೆ."

"ಹೆಂಗೆ ಎತ್ತೋದು ಅಂತ ಆವತ್ತು ಎಲ್ಲರಿಗೂ ತೋರಿಸಿದ್ದೆ."

"ತಂತಿ ಇದ್ದ ತೂತಿಗೆ ಬಿಳೀ ಪುಡಿ ತುಂಬಿದೆ, ಒತ್ತಿದ್ರೆ ಉದುರುತ್ತೆ. ಹತ್ತೂ ಜನರ ಹಣೇಲಿ ಬಿಳೀದು. ರಾಜು, ಹಣೆಗೆ ಹಿಮ ಹಾಕಿದ್ಯಾ?"

"ಇಲ್ಲಮ್ಮ. ಅಲ್ಲಿ ಗಾಳಿ ಹೆಂಗೆ ಬೀಸ್ತಿತ್ತು ಅಂದ್ರೆ ಮುಖದ ಮೇಲೆ ಹಿಮ ನಿಲ್ತಾನೇ ಇರ್ಲಿಲ್ಲ."

ಚಿಕ್ಕಬೀರಯ್ಯ ಆ ಪುಡಿಯನ್ನು ಬೆರಳಲ್ಲಿ ತೀಡಿ ನೋಡಿದ. ನುಣುಪಾಗಿತ್ತು. ಅವನಿಗೆ ತಟ್ಟನೆ ಹೊಳೆಯಿತು. "ಸೀಮೆಸುಣ್ಣ! ಇದು ಆ ಡ್ರಾಯಿಂಗ್ ಟೀಚರ್ ಕೆಲಸ ಕಣಮ್ಮ!"

"ಬೀರಣ್ಣ, ಗಾಡಿ ತೆಗಿ," ಎಂದರು ನರಸಿಂಹಮ್ಮ.

ಮಧ್ಯಾಹ್ನ ಕುಣಿಗಲ್ಲಿಗೆ ಹೋದರು. ಕೆರೆ ಏರಿಯ ಹತ್ತಿರ ಅಂಜನಮೂರ್ತಿಯ ಪಂಚರ್ ಅಂಗಡಿ. ಕಟ್ಟುಮಸ್ತಾದ ಆಳು, ಹಣೆಯಲ್ಲಿ ತೆಳ್ಳನೆಯ ಕೆಂಪು ನಾಮ. ವಿಷಯ ಕೇಳಿ ಕೈಯಲ್ಲಿದ್ದ ಟ್ಯೂಬನ್ನು ನೆಲಕ್ಕೆ ಬಿಸಾಡಿದ.

"ಕದೀತೀನಾ? ನಾನು ಸೋಮನ್ನ ಕದೀತೀನಾ? ಜಗಳ ಆಡಿದ್ದು ಹೌದು. ಪೋಸ್ಟಲ್ಲಿ ಶೆಲ್ ಬೀಳೋ ಹೊತ್ನಲ್ಲಿ ಕೂತಿದ್ದ ಅಂತ ತೋರಿಸಿದ್ರೆ ನೋಡಿದ ಜನ ಏನಂತಾರೆ? ಆರಾಮಾಗಿ ಕಾಲು ಮಡಚ್ಕೊಂಡಿದ್ದ, ಸತ್ತ, ಅಂತಾರೆ. ಸತ್ತೋನಿಗೆ ಅವಮಾನ ಅಲ್ವೇನಮ್ಮ? ಹೆಲ್ಮೆಟ್ಟಿಗೆ ಅಂತ ವಾಪಸ್ ಹೋದೆ, ಗುಡ್ಡದ ಕಡೆ ತಿರುಗಿ ಒಂದು ಸೆಲ್ಯೂಟ್ ಹೊಡೆದೆ, ಬಂದೆ. ಕಣ್ತುಂಬ ನೀರಿತ್ತು, ಯಾರಿದ್ರು ಯಾರಿಲ್ಲ ಅಂತ ನಾನು ನೋಡ್ಲಿಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದ. "ರಾಜು ನನ್ನ ಹೆಸರೇ ಹೇಳ್ದನಾ?"

ನರಸಿಂಹಮ್ಮ ನೋಟ್‌ಬುಕ್ ಮುಚ್ಚಿದರು. ಅವನು ಟ್ಯೂಬನ್ನು ಎತ್ತಿಕೊಂಡು, ಅದರಲ್ಲಿ ತೂತು ಹುಡುಕುವವನಂತೆ ಮುಖ ತಗ್ಗಿಸಿ ಕೂತ. ಚಿಕ್ಕಬೀರಯ್ಯನಿಗೆ ಸಂಕಟವಾಯಿತು. ಆದರೂ ಒಬ್ಬನೇ ಒಳಗೆ ಹೋಗಿದ್ದವನು ಇವನೇ ತಾನೇ, ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದ.

ಶುಕ್ರವಾರ ಗುಬ್ಬಿಯಲ್ಲಿ ಶಶಿಕಲಾ ಚಿಕ್ಕಬೀರಯ್ಯನ ಸೀಮೆಸುಣ್ಣದ ಆಸೆಗೆ ಕಲ್ಲು ಹಾಕಿದಳು. "ನಮ್ಮ ಸ್ಕೂಲಲ್ಲಿ ಸೀಮೆಸುಣ್ಣ ನಿಂತು ಮೂರು ವರ್ಷ ಆಯ್ತು ಸರ್, ಈಗೆಲ್ಲ ಮಾರ್ಕರ್ರು. ಸೋಮಶೇಖರ್ ಅವರನ್ನ ಬಾವುಟ ಹಿಡಿಸಿ ನಿಲ್ಲಿಸಿದ್ರೆ ಚೆನ್ನಾಗಿರುತ್ತೆ ಅಂತ ನಾನೂ ಹೇಳಿದ್ದೆ, ನಿಜ. ರಾಜು ಸರ್ ಒಪ್ಪಲಿಲ್ಲ, ಸುಮ್ಮನಾದೆ." ಅವಳು ಮೊಬೈಲಿನಲ್ಲಿ ಮಂಗಳವಾರದ ಫೋಟೋ ತೋರಿಸಿದಳು. ಸೋಮಶೇಖರ್ ತನ್ನ ಜಾಗದಲ್ಲೇ ಕೂತಿದ್ದ. ನರಸಿಂಹಮ್ಮ ಫೋಟೋವನ್ನು ದೊಡ್ಡದು ಮಾಡಿ ಉಳಿದವರ ಹಣೆಗಳನ್ನು ನೋಡಿದರು. ಒಂದರಲ್ಲೂ ಬಿಳಿ ಇರಲಿಲ್ಲ.

"ಇದಾದ ಮೇಲೆ?"

"ಎಲ್ಲರೂ ಮನೆಯೊಳಗೆ ಕಾಫಿಗೆ ಹೋದ್ವಿ. ಅಜ್ಜಿ ಮಾತ್ರ ಮಗನ ಹತ್ರ ಸ್ವಲ್ಪ ಹೊತ್ತು ಇರ್ತೀನಿ ಅಂತ ಸ್ಟೂಲ್ ಮೇಲೆ ಕೂತ್ರು. ಪಾಪ, ಕಣ್ಣಿಗೆ ಪೊರೆ ಬಂದಿದೆ. ರಾಜು ಸರ್ರೇ ಬೆರಳು ಹಿಡಿದು ಮುಟ್ಟಿಸಿ ಇವನೇ ಸೋಮು ಅಂತ ಹೇಳಬೇಕಾಯ್ತು. ಆಮೇಲೆ ಹೊರಡೋವಾಗ ಮೂರ್ತಿ ಸರ್ ಹೆಲ್ಮೆಟ್ಟಿಗೆ ಅಂತ ವಾಪಸ್ ಹೋದ್ರು."

"ಅಲ್ಲಿಗೆ ಅಂಜನಮೂರ್ತೀನೇ," ಎಂದ ಚಿಕ್ಕಬೀರಯ್ಯ ಗಾಡಿ ಹತ್ತುತ್ತ. ಯಾಕೋ ಆ ಮಾತು ಅವನಿಗೇ ರುಚಿಸಲಿಲ್ಲ.

ಗುಬ್ಬಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಬಸವಲಿಂಗಮ್ಮನ ಮನೆ. ಮನೆಯ ಹಿಂದೆಯೇ ಹೊಲ, ಹೊಲದ ಬದಿಗೆ ಅವರ ಗಂಡ ಅಡವಿಯಪ್ಪನವರ ಸಮಾಧಿ. ಅದರ ಪಕ್ಕ ಮೊರದಷ್ಟು ಜಾಗದಲ್ಲಿ ಹಸಿ ಮಣ್ಣು ಕಂಡಿತು. ತೆಂಗಿನ ಸಸಿಗೆ ಗುಂಡಿ ತೆಗೆದು ಮುಚ್ಚಿದ್ದಾರೆ ಅಂದುಕೊಂಡ ಚಿಕ್ಕಬೀರಯ್ಯ. ನಡುಮನೆಯಲ್ಲಿ ಅಡವಿಯಪ್ಪನವರ ಫೋಟೋಗೆ ಬಣ್ಣ ಮಾಸಿದ ಗಂಧದ ಹಾರವಿತ್ತು. ಯೂನಿಫಾರಂ ತೊಟ್ಟ ಸೋಮಶೇಖರನ ಫೋಟೋಗೆ ಹೊಚ್ಚಹೊಸ ಹಾರ.

"ಇದು ಮೊನ್ನೆ ಹಾಕಿದ್ದು," ಎಂದಳು ಮಾಲಿನಿ, ಕಣ್ಣು ತಪ್ಪಿಸುತ್ತ. "ಇಷ್ಟು ವರ್ಷ ಅಮ್ಮ ಹಾಕೋಕೆ ಬಿಟ್ಟಿರಲಿಲ್ಲ."

ಒಳಗಿನಿಂದ ಬಸವಲಿಂಗಮ್ಮ ಗೋಡೆ ಸವರಿಕೊಂಡು ಬಂದರು. ಎಪ್ಪತ್ತೇಳರ ಸಣಕಲು ಜೀವ, ಹಣೆ ತುಂಬ ವಿಭೂತಿ. "ನಾಳೆ ಬೆಳಿಗ್ಗೆ ಪ್ರದರ್ಶನಕ್ಕೆ ಮುಂಚೆ ಶೆಡ್ಡಿಗೆ ಬರ್ತೀರೇನವ್ವ? ಗಾಡಿ ಕಳಿಸ್ತೀನಿ," ಎಂದು ನರಸಿಂಹಮ್ಮ ಅವರ ಕೈ ಹಿಡಿದುಕೊಂಡರು. ಬಿಡುವ ಮೊದಲು ಆ ಬೆರಳುಗಳನ್ನು ಒಮ್ಮೆ ನೋಡಿದ್ದನ್ನು ಚಿಕ್ಕಬೀರಯ್ಯ ಗಮನಿಸಿದ.

ಶನಿವಾರ ಎಂಟು ಗಂಟೆಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಹನುಮಂತರಾಜು ಒಂದು ಮೂಲೆ, ಅಂಜನಮೂರ್ತಿ ಇನ್ನೊಂದು ಮೂಲೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಸವಲಿಂಗಮ್ಮ ಅದೇ ಸ್ಟೂಲಿನ ಮೇಲೆ ಕೂತರು, ಹಿಂದೆ ಮಾಲಿನಿ. ಶಶಿಕಲಾ ಬಾಗಿಲಿಗೆ ಒರಗಿ ನಿಂತಳು.

"ಮೊದಲೇ ಹೇಳ್ಬಿಡ್ತೀನಿ," ಎಂದರು ನರಸಿಂಹಮ್ಮ. "ಇಲ್ಲಿ ಕಳ್ಳತನ ಆಗಿಲ್ಲ. ಕದಿಯೋನು ತೂತು ಹಂಗೇ ಬಿಟ್ಟು ಹೋಗ್ತಾನೆ. ಇಲ್ಲಿ ಯಾರೋ ಕೂತು ಅದನ್ನ ತುಂಬಿದಾರೆ. ಮುಚ್ಚಿಡೋಕೆ ಅಂತ ಅಂದ್ಕೊಂಡೆ. ಆದ್ರೆ ಮುಚ್ಚಿಡೋರು ಹತ್ತು ಜನರ ಹಣೆ ಯಾಕೆ ಮುಟ್ತಾರೆ? ಭೂತಗನ್ನಡಿಲಿ ನೋಡಿ, ಎಲ್ಲ ಒಂದೇ ಥರ, ಎಡದಿಂದ ಬಲಕ್ಕೆ ಎಳೆದಿರೋದು. ಬೀರಣ್ಣ ಸೀಮೆಸುಣ್ಣ ಅಂದ. ಇದು ವಿಭೂತಿ."

ನರಸಿಂಹಮ್ಮ ನೋಟ್‌ಬುಕ್ಕಿನ ಹಾಳೆ ತಿರುವಿದರು.

"ಶಶಿಕಲಾ ಫೋಟೋದಲ್ಲಿ ಹಣೆಗಳು ಖಾಲಿ. ಅಂದ್ರೆ ಇದೆಲ್ಲ ಆಗಿದ್ದು ಆಮೇಲೆ. ಆಮೇಲೆ ಇಲ್ಲಿ ಒಬ್ಬೊಬ್ಬರೇ ಇದ್ದೋರು ಇಬ್ರು. ಅಂಜನಮೂರ್ತಿ ನಾಮ ಇಡೋನು, ಜೇಬಲ್ಲಿ ವಿಭೂತಿ ಇಟ್ಕೊಂಡು ತಿರುಗಲ್ಲ. ಸೆಲ್ಯೂಟ್ ಹೊಡೆಯೋಷ್ಟು ಹೊತ್ತಲ್ಲಿ ಹತ್ತು ಹಣೆಗೆ ಹಚ್ಚೋಕೂ ಆಗಲ್ಲ. ಇನ್ನೊಬ್ಬರಿಗೆ ಕಣ್ಣು ಕಾಣಲ್ಲ ಅಂತ ನಾವೆಲ್ಲ ಅವರನ್ನ ಬಿಟ್ಬಿಟ್ವಿ. ಆದ್ರೆ ಈ ಕೆಲಸ ಮಾಡಿರೋದು ಬೆರಳು, ಕಣ್ಣಲ್ಲ. ನಿಂತಿರೋ ಹತ್ತು ಜನರ ನಡುವೆ ಕೂತಿರೋ ಒಬ್ಬನ್ನ ಬೆರಳು ಹುಡುಕಲ್ವಾ?"

"ಅಮ್ಮ..." ಎಂದಳು ಮಾಲಿನಿ.

"ಸುಮ್ನಿರವ್ವ. ನಾನೇ ಹೇಳ್ತೀನಿ ಬುಡು," ಎಂದರು ಬಸವಲಿಂಗಮ್ಮ. ಅವರ ದನಿಯಲ್ಲಿ ಅಳುಕಿರಲಿಲ್ಲ. "ನಾನೇ ತಗೊಂಡೆ. ಸೆರಗಲ್ಲಿ ಕಟ್ಕೊಂಡೋದೆ. ಮಗ ಸತ್ತ ಅಂತ ಕಾಗದ ಬಂತು, ಮೆಡಲ್ ಬಂತು, ದೊಡ್ಡೋರೆಲ್ಲ ಬಂದೋದ್ರು. ಮಗ ಬರ್ಲಿಲ್ಲ. ಮಣ್ಣು ಮಾಡ್ದೆ ಹೆಂಗೆ ಹಾರ ಹಾಕ್ಲಿ? ನಮ್ಮಲ್ಲಿ ಸತ್ತೋರನ್ನ ಮಲಗಿಸಲ್ಲ. ಚಕ್ಕಳಮಕ್ಕಳ ಕೂರಿಸಿ, ವಿಭೂತಿ ಹಾಕಿ, ಮಣ್ಣು ಕೊಡ್ತೀವಿ. ಆವತ್ತು ಈವಪ್ಪ ನನ್ನ ಬೆರಳು ಹಿಡಿದು ಮುಟ್ಟಿಸ್ದಾಗ..." ಅವರು ಗಾಳಿಯಲ್ಲಿ ಬೆರಳಾಡಿಸಿದರು. "ಮಡಚಿದ ಕಾಲು ಸಿಕ್ತು. ಮೈಮೇಲೆ ಮಫ್ಲರ್ ನೂಲು ಸಿಕ್ತು. ನಾನೇ ಹೆಣೆದಿದ್ದದು, ನನಗೆ ಗೊತ್ತಾಗಲ್ವಾ? ನನ್ನ ಮಗ ಮಣ್ಣಿಗೆ ರೆಡಿಯಾಗಿ ಕೂತವ್ನೆ ಅನ್ನಿಸ್ತು. ಬುಧವಾರ ಮಠದ ಅಯ್ನೋರನ್ನ ಕರೆಸಿ, ಅವರಪ್ಪನ ಪಕ್ಕ ಕೂರಿಸಿ ಬಂದೆ. ಮಿಕ್ಕ ಮಕ್ಕಳೂ ಯಾರೋ ತಾಯಂದಿರ ಮಕ್ಕಳೇ ಅಲ್ವಾ, ಆವತ್ತು ಇಲ್ಲಿಂದ ಏಳೋಕೆ ಮುಂಚೆ ಸಂಚೀಲಿದ್ದ ವಿಭೂತೀನ ಅವರಿಗೂ ಒಂದೊಂದು ಬೆರಳು ಹಚ್ದೆ, ಅವನೆದ್ದ ಜಾಗಕ್ಕೂ ತುಂಬ್ದೆ."

ಚಿಕ್ಕಬೀರಯ್ಯನಿಗೆ ಸಮಾಧಿಯ ಪಕ್ಕದ ಹಸಿ ಮಣ್ಣು ನೆನಪಾಯಿತು. ತೆಂಗಿನ ಸಸಿ ಅಂದುಕೊಂಡಿದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಹೇಳ್ದೆ ತಗೊಂಡಿದ್ದು ತಪ್ಪು ಕಣಪ್ಪ," ಎಂದರು ಬಸವಲಿಂಗಮ್ಮ, ಹನುಮಂತರಾಜು ಇದ್ದ ಮೂಲೆಯ ಕಡೆ ಮುಖ ತಿರುಗಿಸಿ. "ಕೇಳಿದ್ರೆ ಎಲ್ಲಿ ಕೊಡಲ್ವೋ ಅಂತ ಭಯ ಆಯ್ತು. ಈಗ ಬೇಕು ಅಂದ್ರೆ ಹೇಳು, ಅಗೆದು ಕೊಡ್ತೀನಿ. ನಿನ್ನ ಕೈಕೆಲಸ, ನಿಂದು."

ಹನುಮಂತರಾಜು ಹಲಗೆಯ ಅಂಚನ್ನು ಹಿಡಿದುಕೊಂಡ. "ಬೇಡಮ್ಮ," ಎಂದ. "ಇಪ್ಪತ್ತಾರು ವರ್ಷ ಅವನ್ನ ಆ ಗುಡ್ಡದ ಮೇಲೆ ಒಬ್ಬನ್ನೇ ಬಿಟ್ಟು ಕೆಳಗಿಳಿದೆ ಅಂತ ನನಗೆ ನಿದ್ದೆ ಇಲ್ಲ. ಮನೆಗೆ ಬಂದ್ನಲ್ಲ. ಅಲ್ಲೇ ಇರ್ಲಿ."

ಶಶಿಕಲಾ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು. "ಸರ್, ಆ ಜಾಗಕ್ಕೆ ಹಿಮ ಹಾಕ್ಬಿಡೋಣ್ವಾ? ಖಾಲಿ ಕಾಣುತ್ತೆ."

"ಕಾಣ್ಲಿ. ಆ ವಿಭೂತಿ ಯಾರೂ ಮುಟ್ಟಬೇಡಿ."

ಮಾದರಿಯನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಎಲ್ಲರೂ ಗುಬ್ಬಿಗೆ ಹೊರಟರು. ಹನುಮಂತರಾಜು ಮೊದಲು ಹಳ್ಳಿಗೆ ಹೋಗೋಣ ಅಂದ. ಹೊಲದ ಬದಿಯಲ್ಲಿ ಇಬ್ಬರು ಹಳೇ ಸೈನಿಕರು ಆ ಮೊರದಗಲದ ಮಣ್ಣಿನ ಮುಂದೆ ಚಪ್ಪಲಿ ಬಿಟ್ಟು ನಿಂತರು. ನಡುವೆ ಎರಡಾಳಿನಷ್ಟು ಅಂತರವಿತ್ತು. ಇಬ್ಬರೂ ಸೆಲ್ಯೂಟ್ ಹೊಡೆದರು. ಹನುಮಂತರಾಜುವಿನ ಕೈ ಹಣೆಯ ಹತ್ತಿರ ನಿಲ್ಲಲಾರದೆ ಅದುರುತ್ತಿತ್ತು.

"ಮೂರ್ತಿ, ನಿನ್ನ ಹೆಸರು ಹೇಳ್ಬಿಟ್ಟೆ ಕಣೋ. ಸ್ಟೇಷನ್ನಿಗೂ ಹೋಗ್ತಿದ್ದೆ."

ಅಂಜನಮೂರ್ತಿ ಹತ್ತಿರ ಸರಿದು, ಗೆಳೆಯನ ಅದುರುವ ಮೊಣಕೈಯನ್ನು ತನ್ನ ಅಂಗೈಯಲ್ಲಿ ಎತ್ತಿ ಹಿಡಿದ.

"ಬುಡ್ಲಾ ರಾಜು," ಎಂದ. "ನೀನು ನನ್ನ ಮಾತು ಕೇಳಿ ಅವನ್ನ ನಿಲ್ಲಿಸಿದ್ರೆ ಈಯಮ್ಮ ಏನು ಮಾಡ್ಬೇಕಿತ್ತು? ಒಳ್ಳೇದಾಯ್ತು ಕಣೋ, ಕೂರಿಸಿದ್ದು."