ಬಾಯ್ತುಂಬ ಹುರಿಹಿಟ್ಟು

ನಿಮ್ಮನ್ನು ಬೆಳೆಸಿದ ಹಿಟ್ಟಿನ ಹೆಸರನ್ನು ನಾಲ್ಕು ಜನರ ಮುಂದೆ ಹೇಳಲು ನಿಮಗೇಕೆ ಅಷ್ಟು ನಾಚಿಕೆ?

ಬೂರುಲ್‌ಗೂ ಇತ್ತು ಆ ನಾಚಿಕೆ. ರಾಜಧಾನಿ ಬಿಷ್ಕೆಕ್‌ನ ಶಾಲೆಗೆ ಸೇರಿದ ಹೊಸತರಲ್ಲಿ ಅಮ್ಮ ತಾಲ್ಕನ್ ಕಟ್ಟಿಕೊಡುತ್ತಿದ್ದಳು. ಹುರಿದ ಜವೆಗೋಧಿಯನ್ನು ಬೀಸುಕಲ್ಲಿನಲ್ಲಿ ಬೀಸಿದ ಹಿಟ್ಟು ಅದು. ಸಹಪಾಠಿಗಳು "ಹಿಟ್ಟುಮೂತಿ" ಎಂದು ನಕ್ಕರು. ಬೂರುಲ್ ಗಂಟನ್ನು ಕಾಲುವೆಗೆ ಎಸೆದಳು. ಅಮ್ಮ ತೀರಿಕೊಂಡ ಮೇಲೆ ಆ ಹಿಟ್ಟಿನ ನೆನಪನ್ನೂ ಎಸೆದಳು. ಈಗ ಅವಳು ನಗರದ ಅಂಗಡಿಯೊಂದರಲ್ಲಿ ಕೇಕು ಮಾಡುವವಳು.

ಚಳಿಗಾಲದ ಒಂದು ದಿನ ಡೋಲೋನ್ ಘಾಟಿಯಲ್ಲಿ ಹಿಮ ಬಿದ್ದು ಅವಳು ಹೊರಟಿದ್ದ ಬಾಡಿಗೆ ಕಾರು ನಿಂತಿತು. ಅವಳ ಮಡಿಲಲ್ಲಿ ನಾರಿನ್ ಪಟ್ಟಣದ ಮದುವೆಮನೆಗೆ ಒಯ್ಯಬೇಕಾದ ಕೇಕಿನ ಪೆಟ್ಟಿಗೆ. ಪಕ್ಕದಲ್ಲಿ ಕುಳಿತಿದ್ದ ಯುವಕ ಬಟ್ಟೆಯ ಚೀಲದಿಂದ ಏನನ್ನೋ ಬಾಯಿಗೆ ಎಸೆದುಕೊಂಡ. ಅದೇ ಹೊತ್ತಿಗೆ ಚಾಲಕ, "ಪಶುವೈದ್ಯರೇ, ನನ್ನ ಕಾರಿಗೂ ಒಂದು ಸೂಜಿ ಚುಚ್ಚಿ, ಎದ್ದು ಓಡ್ಲಿ!" ಎಂದ.

ಯುವಕ ನಕ್ಕುಬಿಟ್ಟ. ಬೂರುಲ್‌ಳ ಕಪ್ಪು ಕೋಟಿನ ಮೇಲೆ ಹಿಟ್ಟಿನ ಮಂಜು!

"ಅಯ್ಯೋ! ಮೈಮೇಲೆ ಜ್ಞಾನ ಇದ್ಯಾ ನಿಮಗೆ?"

ಅವನ ಬಾಯ್ತುಂಬ ಇನ್ನೂ ಹಿಟ್ಟು. ಕಣ್ಣಲ್ಲೇ ಕ್ಷಮೆ ಕೇಳುತ್ತ ಕೈಕೈ ಹಿಸುಕಿಕೊಂಡ.

ಅವಳು ಕೋಟು ಕೊಡವಲು ಕೈಯೆತ್ತಿದಳು... ಅಲ್ಲಿಗೇ ನಿಂತಳು. ಆ ವಾಸನೆ! ಅಮ್ಮನ ಬಾಣಲೆ, ಹೊಗೆ, ಚಟಪಟ ಸಿಡಿಯುವ ಕಾಳು...

"ಸ್ವಲ್ಪ... ಕೊಡ್ತೀರಾ?"

ಮಡಿಲಲ್ಲಿ ಮೂರಂತಸ್ತಿನ ಕೇಕು. ಅಂಗೈಯಲ್ಲಿ ಒಂದು ಹಿಡಿ ಹಿಟ್ಟು. ಅವಳು ಅಂಗೈ ನೆಕ್ಕಿದಳು, ಅತ್ತಳು.

"ಅಜ್ಜಿ ಬೀಸಿದ್ದು," ಎಂದ ಆ ಯುವಕ ಎರ್ಮೆಕ್, ಕೊನೆಗೂ ನುಂಗಿ. "ನಮ್ಮೂರು ಈ ಘಾಟಿ ಕೆಳಗೇ ಇದೆ. ಒಂದಿನ ಬನ್ನಿ, ಕೆನೆ ಹಾಕಿ ಕಲಸಿಕೊಡ್ತಾರೆ."

ಚಳಿಗಾಲವಿಡೀ ಫೋನಿನಲ್ಲಿ ಮಾತು ಬೆಳೆಯಿತು. 'ನೀವು' ಹೋಗಿ 'ನೀನು' ಬಂತು. ಹಿಮ ಕರಗಿದಾಗ ಬೂರುಲ್ ಎರ್ಮೆಕ್‌ನ ಮನೆಯ ಹೊಸ್ತಿಲು ದಾಟಿದಳು... ಹಿಟ್ಟು ತಿನ್ನಲು, ಬಹುಶಃ ಮನಸ್ಸಿನ ಮಾತು ಹೇಳಲು.

ಅವನ ಅಜ್ಜಿ ಬೂಬೂಶ್‌ಗೆ ಅಷ್ಟೇ ಸಾಕಾಯಿತು. ಹುಡುಗಿ ತಾನಾಗಿ ಬಂದಿದ್ದಾಳೆ! ಬೂರುಲ್ ಬಟ್ಟಲಿಗೆ ಕೈಹಾಕುವ ಮೊದಲೇ ಅವಳ ತಲೆಯ ಮೇಲೆ ಬಿಳಿಯ ವಸ್ತ್ರ ಬಿತ್ತು. ನಮ್ಮ ಈ ಬೆಟ್ಟದ ನಾಡಿನಲ್ಲಿ ಆ ವಸ್ತ್ರ ತಲೆಗೇರಿದವಳು ಆ ಮನೆಯ ಸೊಸೆ. ನೆರೆಯ ಹೆಂಗಸರು ನುಗ್ಗಿ ಬಂದರು.

"ಬಂದ್ಲಪ್ಪ ಸೊಸೆ!"

"ಬೇಡ... ಬಿಡಿ ನನ್ನ!"

"ಅಳು ಮಗಳೇ, ಅಳು. ನಾವೆಲ್ಲ ಅತ್ಕೊಂಡೇ ಬಂದೋರು. ಕಲ್ಲು ಬಿದ್ದ ಜಾಗದಲ್ಲೇ ಭಾರ, ಹೆಣ್ಣು ಬಂದ ಮನೇಲೇ ಭದ್ರ."

ಅವಳು ಎರ್ಮೆಕ್‌ನತ್ತ ನೋಡಿದಳು. ಅವನ ಕೆನ್ನೆಗಳು ಹಿಟ್ಟಿನಿಂದ ಉಬ್ಬಿದ್ದವು.

"ಹೇಳು ಎರ್ಮೆಕ್! ನಾನು ಒಪ್ಪಿಲ್ಲ ಅಂತ ಹೇಳು!"

ಅವನು ಹೇಳಲಿಲ್ಲ.

ಬೂರುಲ್ ವಸ್ತ್ರವನ್ನು ಕಿತ್ತೆಸೆದಳು. ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿದಳು. ಹಿರಿಯಳನ್ನು ದಾಟಿದ ಹೆಣ್ಣಿಗೆ ಶಾಪ ತಟ್ಟುತ್ತದೆಂಬ ನಂಬಿಕೆಯಲ್ಲೇ ಬೆಳೆದವಳು ಬೂರುಲ್. ಆದರೂ ದಾಟಿದಳು.

ಬಿಷ್ಕೆಕ್‌ಗೆ ಮರಳಿದ ಅವಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಫೋನು ಬಂದರೆ ಕತ್ತರಿಸುವಳು; ಬಾರದಿದ್ದರೆ ತಿರುಗಿಸಿ ತಿರುಗಿಸಿ ನೋಡುವಳು. 'ಅವನೂ ಸೇರಿಯೇ ಈ ಸಂಚು ಹೂಡಿದ್ದನಾ? ಹಿಟ್ಟು ಬರೀ ಆಮಿಷವಾಗಿತ್ತಾ?'

ಒಂದು ಬೆಳಿಗ್ಗೆ ಅವಳು ಕೇಕಿನ ಕೆನೆಯನ್ನು ಪಕ್ಕಕ್ಕೆ ಸರಿಸಿದಳು. ಜವೆಗೋಧಿ ತಂದು ಹುರಿಯತೊಡಗಿದಳು. ಮೊದಲ ಬಾಣಲೆ ಸೀದುಹೋಯಿತು.

"ಏನಿದು, ಕುದುರೆಗೆ ಮೇವಾ?" ಎಂದಳು ಅಂಗಡಿಯ ಒಡತಿ.

"ನನಗೆ!" ಎಂದಳು ಬೂರುಲ್.

'ಇದು ಅವನ ಹಿಟ್ಟಲ್ಲ. ನನ್ನಮ್ಮಂದು. ಅವನ ಮೇಲಿನ ಸಿಟ್ಟಿಗೆ ಇದನ್ನು ಮತ್ತೆ ಕಾಲುವೆಗೆ ಎಸೆಯಲಾರೆ...' ಎರಡನೆಯ ಬಾಣಲೆ ಹೊಂಬಣ್ಣಕ್ಕೆ ತಿರುಗಿತು. ಅಂದಿನಿಂದ ಅವಳು ದಿನವೂ ತಿಂದಳು, ಎಲ್ಲರೆದುರೇ, ತುಟಿಯನ್ನೂ ಒರೆಸಿಕೊಳ್ಳದೆ.

ಆದರೆ ಚಡಪಡಿಕೆ ಮಾತ್ರ ಹೋಗಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಎರ್ಮೆಕ್ ನಿಂತಿದ್ದ. ಅವನ ಹಿಂದೆ ಅಜ್ಜಿ.

"ಒಳಗೆ ಬರಬಹುದಾ?"

"ಗಿರಾಕಿಗಳನ್ನ ತಡೆಯಲ್ಲ ನಾನು."

"ಅವತ್ತು ಬಾಯ್ತುಂಬ ಹಿಟ್ಟಿತ್ತು ಬೂರುಲ್. ಧಾನ್ಯ ಉಗುಳಬಾರದು ಅಂತ..."

"ಉಗುಳಬೇಕಿತ್ತು!"

"ಹೌದು, ಉಗುಳಬೇಕಿತ್ತು." ಅವನು ತಲೆ ತಗ್ಗಿಸಿದ. "ಆದ್ರೆ ಹಿಟ್ಟು ಬರೀ ನೆಪ. ನುಂಗಿದ ಮೇಲೂ ನಾನು ಮಾತಾಡ್ಲಿಲ್ಲ. ನೀನು ಅಳ್ತಾ ಆದ್ರೂ ಉಳ್ಕೊಂಡುಬಿಟ್ರೆ... ಅಂತ ಒಳಗೊಳಗೇ ಆಸೆಯಾಯ್ತು. ಅದು ನನ್ನ ತಪ್ಪು. ಅಜ್ಜಿದಲ್ಲ."

"ನಂದೂ ಇದೆ ಬಿಡೋ," ಎಂದಳು ಅಜ್ಜಿ. "ಮಗಳೇ, ನನ್ನನ್ನೂ ಹಂಗೇ ಎತ್ತಾಕೊಂಡು ಬಂದಿದ್ರು. ನನ್ನ ಯಾರೂ ಕೇಳ್ಲಿಲ್ಲ. ನಿನ್ನ ಕೇಳಬೇಕು ಅಂತ ನಂಗೂ ಹೊಳೀಲಿಲ್ಲ. ಊರಲ್ಲಿ ಮನೆಮನೆಗೂ ಹೋಗಿ ಹೇಳಿದೀವಿ, ಹುಡುಗಿ ಒಪ್ಪಿರ್ಲಿಲ್ಲ, ತಪ್ಪು ನಮ್ದು ಅಂತ. ನೀನು ದಾಟಿದ್ದಕ್ಕೆ ಶಾಪ ಇಲ್ಲ."

ಬೂರುಲ್ ಕಣ್ಣೊರೆಸಿಕೊಂಡಳು.

"ಈಗ ಕೇಳ್ತೀನಿ," ಎಂದ ಎರ್ಮೆಕ್. "ನನ್ನ ಮದುವೆಯಾಗ್ತೀಯಾ? ಬೇಡ ಅಂದ್ರೆ ಸಂಜೆ ಕಾರು ಹಿಡಿದು ಹೊರಟುಹೋಗ್ತೀವಿ."

"ಈ ಅಂಗಡಿ ಕೆಲಸ ಬಿಡಲ್ಲ ನಾನು."

"ಪಶುವೈದ್ಯನಿಗೆ ದನ ಈ ಕಡೇನೂ ಇವೆ. ನಾನೇ ಬರ್ತೀನಿ."

ಅವನು ಕಾದ. ಅಜ್ಜಿಯೂ ಕಾದಳು, ಬಾಗಿಲಿಗೆ ಅಡ್ಡ ನಿಲ್ಲದೆ, ಗೋಡೆಗೆ ಒರಗಿ.

"ದಡ್ಡ!" ಬೂರುಲ್‌ಳ ದನಿ ಒಡೆಯಿತು. "ಅವತ್ತು ನಾನು ಬಂದಿದ್ದೇ ಹೇಳೋಕೆ. ಕೇಳಿದ್ರೆ ಅವತ್ತೇ ಹೂಂ ಅಂತಿದ್ದೆ ಕಣೋ!"

"ಮತ್ತೆ... ಈಗ?"

"ಈಗ್ಲೂ ಹೂಂ. ಕೇಳಿದ್ಯಲ್ಲ, ಅದಕ್ಕೆ."

ಒಂದು ಪ್ರಶ್ನೆಗೆ ಎಷ್ಟು ಹೊತ್ತು ಬೇಕಿತ್ತು? ಅದನ್ನು ಕೇಳದೆ ಒಂದು ಇಡೀ ಊರು ಒಂದು ಹುಡುಗಿಯ ಬಾಳನ್ನೇ ಹಾಳುಮಾಡಲು ಹೊರಟಿತ್ತು!

ಆದ್ದರಿಂದ ಓದುಗರೇ, ನಿಮ್ಮ ಮನೆಯಲ್ಲಿ ಮದುವೆಯ ಮಾತು ನಡೆದಾಗ ಹುಡುಗಿಯನ್ನು ಎದುರಿಗೆ ಕೂರಿಸಿ ಕೇಳಿ. ಅವಳು ಉತ್ತರಿಸುವವರೆಗೆ ದಯವಿಟ್ಟು ಕಾಯಿರಿ.