ಕರೆಯದೆ ಕಾಲಿಟ್ಟ ಮನೆ

“ಮೇಲಿನ ಮನೆ ಬಾಗಿಲು ತಟ್ಟಿ, ಬಾಡಿಗೆಗಿರೋ ದಾದಿ ‘ಬನ್ನಿ’ ಅನ್ನೋ ತನಕ ಆಚೆ ನಿಲ್ಲಿ ಯಜಮಾನರೇ,” ಎಂದಳು ಮೆಟ್ಟಿಲು ಗುಡಿಸುವ ಮುದುಕಿ. “ಹಿಂದಿನ ಮಾಲೀಕ ತನ್ನ ಕೀಲಿ ಹಾಕಿ ಹೊತ್ತುಗೊತ್ತಿಲ್ಲದೆ ನುಗ್ಗೋನು. ಮಗೂಗೆ ಹಾಲೂಡಿಸ್ತಿದ್ದ ಬಾಡಿಗೆಯವಳು ನೊಂದು, ಹೊಸ್ತಿಲಡಿ ತನ್ನ ಕೂದಲು ಹೂತು ಮಾಟ ಮಾಡಿ ಹೋದಳು. ಕರೆಯದೆ ಬಂದವರನ್ನ ಆ ಮನೆ ಬಿಡಲ್ಲ. ಇನ್ನೊಬ್ಬರು ಹಾಗೇ ಕರೆಯದೆ ಬಂದರಷ್ಟೇ ಬಿಡುಗಡೆ. ಒಂದ್ಸಲ ಕರೆಸಿಕೊಂಡವರಿಗೆ ಮಾತ್ರ ಅದು ಯಾವತ್ತೂ ತಗಲಲ್ಲ.”

ಕಟ್ಟಡವನ್ನು ಹೊಸದಾಗಿ ಕೊಂಡಿದ್ದ ಮಾಲೀಕ ಹೊಟ್ಟೆ ಹಿಡಿದು ನಕ್ಕ. “ನನ್ನ ಮನೆಗೆ ನಾನೇ ಅಪ್ಪಣೆ ಕೇಳ್ಬೇಕಾ? ನಿನ್ನ ಪೊರಕೆಗೂ ಮಂತ್ರ ಬರುತ್ತಾ, ಅಜ್ಜಿ?”

ಮೇಲಿನ ಮನೆಯ ದಾದಿ ಆಸ್ಪತ್ರೆಗೆ ಹೋಗಿದ್ದಳು. ಗೋಡೆಗೆ ಎಲ್ಲೆಲ್ಲಿ ಮೊಳೆ ಹೊಡೆದಿದ್ದಾಳೋ ನೋಡೋಣವೆಂದು ಅವನು ಬೀಗ ತೆಗೆದು ಒಳಗೆ ಹೋದ.

ಹಿಂದೆ ಬಾಗಿಲು ಮುಚ್ಚಿತು. ನಡುಹಗಲ ಬೆಳಕು ಊದಿದ ದೀಪದಂತೆ ಆರಿತು. ಹುಳಿತ ಹಾಲಿನ ವಾಸನೆ ಮೂಗಿಗೆ ಅಡರಿತು. ಕತ್ತಲಲ್ಲಿ ಎಲ್ಲೋ ಮಗು ಚಪ್ಪರಿಸುವ ಸದ್ದು. ತಡಕಾಡಿದ. ಬಾಗಿಲಿದ್ದಲ್ಲಿ ತಣ್ಣನೆ ಗೋಡೆಯಿತ್ತು.

ಸಂಜೆ ದಾದಿ ಬಂದಳು. ಆ ಕತ್ತಲಲ್ಲೂ ಅವಳೊಬ್ಬಳು ಅವನಿಗೆ ಕಂಡಳು. ಅವನು ಎದುರಿಗೇ ನಿಂತು ಕಿರುಚಿದ. ಅವಳಿಗೆ ಕಾಣಲಿಲ್ಲ, ಕೇಳಲಿಲ್ಲ. ಚಪ್ಪಲಿ ಬಿಟ್ಟು, ಕೂದಲು ಬಿಚ್ಚಿ, ದಿಂಬಿಗೆ ಮುಖವೊತ್ತಿ ಅವಳು ಬಿಕ್ಕಿದಳು. ಯಾರೂ ನೋಡಬಾರದ ಅಳು ಅದು. ಅವನು ಕಣ್ಣು ಮುಚ್ಚಿದ. ರೆಪ್ಪೆಯ ಮೂಲಕವೂ ಕಾಣುತ್ತಿತ್ತು. ದಿನವೂ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಹೊರಗೆ ಕೀಲಿಗೊಂಚಲಿನ ಸದ್ದಾಯಿತು.

“ಅಪ್ಪಾ, ಇಲ್ಲಿದ್ದೀಯಾ?”

ಅವನ ಒಬ್ಬಳೇ ಮಗಳು. ತಾಯಿಯಿಲ್ಲದ ಕೂಸೆಂದು ಎದೆಗವಚಿ ಬೆಳೆಸಿದವಳು.

“ಬರಬೇಡ ಮಗಳೇ! ಬೇಡ!” ಅವನ ಗಂಟಲು ಹರಿಯಿತು. ಬೀಗ ತಿರುಗಿತು. ಅವಳು ಒಳಗಡಿಯಿಟ್ಟಳು.

ಮರುಕ್ಷಣ ಅವನು ಮೆಟ್ಟಿಲ ಮೇಲೆ ಬಿದ್ದಿದ್ದ. ಬಾಗಿಲು ಮುಚ್ಚಿತ್ತು. ಕೀಲಿ ಬೀಗದಲ್ಲೇ ತೂಗುತ್ತಿತ್ತು.

ತಾನೇ ಮತ್ತೆ ಹೋಗಬೇಕು. ಕರೆಯದೆ ಹೋಗಬೇಕು. ಮಗಳು ಹೊರಬರುತ್ತಾಳೆ. ಕೀಲಿಗೆ ಕೈ ಹಾಕಿದ. ಕೀಲಿ ಜಾರಿತು. ಮತ್ತೆ ಹಿಡಿದ. ತಿರುಗಿಸಿದ. ಬಾಗಿಲು ತೆರೆಯಿತು. ಕಾಲೆತ್ತಿದ.

“ಅಯ್ಯೋ ಯಜಮಾನರೇ! ಎಲ್ಲಿ ಹೋಗಿದ್ರಿ? ಮಗಳು ಊರೆಲ್ಲಾ ಹುಡುಕ್ತಿದ್ದಾಳೆ!”

ದಾದಿ ಮೆಟ್ಟಿಲೇರಿ ಬರುತ್ತಿದ್ದಳು.

“ಮಾತಾಡಬೇಡ ತಾಯಿ! ನನ್ನ ಕರೀಬೇಡ! ನಿನ್ನ ದಮ್ಮಯ್ಯ!”

ಅವನ ಹರಿದ ಅಂಗಿ, ಗುಳಿಬಿದ್ದ ಕಣ್ಣು ನೋಡಿ ಆ ಪುಣ್ಯಾತ್ಗಿತ್ತಿಯ ಕರುಳು ಚುರುಕ್ಕೆಂದಿತು. “ಯಾಕೆ ಹೀಗೆ ಅಳ್ತೀರಾ? ಬನ್ನಿ, ಒಳಗೆ ಬನ್ನಿ. ಕೂತ್ಕೊಳ್ಳಿ.”

ಎತ್ತಿದ ಕಾಲು ಒಳಗೆ ಬಿತ್ತು. ಕರೆಸಿಕೊಂಡ ಅವನನ್ನು ಮನೆ ಹಿಡಿಯಲಿಲ್ಲ, ಇನ್ನೆಂದೂ ಹಿಡಿಯದು. ಬರಿಯ ನೆಲ. ಕಿಟಕಿಯಲ್ಲಿ ಬಿಸಿಲು. ಒಂದು ಕುರ್ಚಿ. ಅವಳು ನೀರು ತರಲು ಹೋದಳು. ಅವನು ಮೂಲೆಮೂಲೆಯ ಗಾಳಿಯನ್ನು ತಬ್ಬಿ ತಬ್ಬಿ ಮಗಳನ್ನು ಕೂಗಿದ. ಮಗಳು ಎಷ್ಟು ಹತ್ತಿರ ನಿಂತು “ಅಪ್ಪಾ” ಎನ್ನುತ್ತಿದ್ದಳೋ, ದೇವರೊಬ್ಬನೇ ಬಲ್ಲ.